ಕಲ್ಲಿದ್ದಲ ಸೀಮೆಯಲ್ಲಿ ತಂಗಿಯ ಕ್ಯಾಮೆರಾ

ತಂಗಿಯ ಮೇಲೆ ಹೊಟ್ಟೆಕಿಚ್ಚು ಪಡುವುದಕ್ಕೆ ನಾನು ಅಮೆರಿಕದವರೆಗೆ ಹೋಗಬೇಕಾಗಿರಲಿಲ್ಲ. ದಾವಣಗೆರೆಯಲ್ಲಿ, ನನ್ನ ಸ್ಟುಡಿಯೋದ ಕೌಂಟರಿನ ಹಿಂದೆ ಕೂತೇ ಐದು ವರ್ಷದಿಂದ ಪಡುತ್ತಿದ್ದೆ. ಅಲ್ಲಿಯವರೆಗೆ ಅದು ಫೋನಿನ ಪರದೆಯಷ್ಟು ಅಗಲವಿತ್ತು; ಅಲ್ಲಿಗೆ ಹೋದ ಮೇಲೆ ಗೋಡೆಯಷ್ಟಾಯಿತು.

ನಾನು ಡಾರ್ಕ್‌ರೂಮಿಗೆ ಕಾಲಿಟ್ಟಾಗ ನನಗೆ ಹದಿನೆಂಟು. ಈಗ ಐವತ್ತನಾಲ್ಕು. ನಡುವೆ ಎಷ್ಟು ಮದುವೆ, ಎಷ್ಟು ನಾಮಕರಣ, ಎಷ್ಟು ಪಾಸ್‌ಪೋರ್ಟ್ ಮುಖ ತೆಗೆದಿದ್ದೇನೋ ನನಗೇ ಗೊತ್ತಿಲ್ಲ. ತಂಗಿ ವೀಣಾ ಕ್ಯಾಮೆರಾ ಹಿಡಿದದ್ದು ನಲವತ್ತೈದು ದಾಟಿದ ಮೇಲೆ, ಹೆಣ್ಣುಮಕ್ಕಳಿಬ್ಬರೂ ಕಾಲೇಜಿಗೆ ಹೋಗಿ ಮನೆ ಖಾಲಿ ಅನ್ನಿಸಿದಾಗ. ಪಾಳುಬಿದ್ದ ಕಾರ್ಖಾನೆ, ಗೋದಾಮು, ಗಣಿಯ ಶೆಡ್ಡು, ಇವುಗಳ ಫೋಟೋ ತೆಗೆಯುವುದು ಅವಳ ಗೀಳು. ತೆಗೆದದ್ದನ್ನೆಲ್ಲ ಮೊದಲು ನನಗೆ ವಾಟ್ಸಾಪ್ ಮಾಡುತ್ತಿದ್ದಳು. ನಾನು ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಫೋನು ಬೋರಲು ಹಾಕುತ್ತಿದ್ದೆ. ಯಾಕೆಂದರೆ ಅವು ಚೆನ್ನಾಗಿರುತ್ತಿದ್ದವು.

ಡೆವನ್ ಅವೆನ್ಯೂ

ಅವಳ ಮನೆ ಮಿಶಿಗನ್ನಿನ ನಾರ್ತ್‌ವಿಲ್‌ನಲ್ಲಿ, ಡೆಟ್ರಾಯಿಟ್ ಹತ್ತಿರ. ಆದರೆ ನನ್ನ ಟಿಕೆಟ್ಟು ಶಿಕಾಗೋಗೆ ಸಿಕ್ಕಿತ್ತು. ಕರೆದೊಯ್ಯಲು ಕಾರಿನಲ್ಲಿ ಬಂದವಳು, ಹೇಗೂ ಇಲ್ಲಿಯವರೆಗೆ ಬಂದಿದ್ದೇನಲ್ಲ ಎಂದು ಹಳೆಯ ಕಲ್ಲಿದ್ದಲು ಗಣಿಗಳ ಕಡೆ ಒಂದು ದಿನದ ಕಾರ್ಯಕ್ರಮ ಹಾಕಿಕೊಂಡೇ ಬಂದಿದ್ದಳು. ಮೊದಲು ಡೆವನ್ ಅವೆನ್ಯೂನಲ್ಲಿ ತಿಂಡಿ.

ಡೆವನ್ ಅಂದರೆ ನಮ್ಮ ಮಂಡಿಪೇಟೆಯನ್ನು ಒಗೆದು, ಇಸ್ತ್ರಿ ಮಾಡಿ ಹಾಸಿದ ಹಾಗೆ. ಅಕ್ಕಿ ಮೂಟೆ, ಸೀರೆ ಅಂಗಡಿ, ಬಳೆ, ಬಸ್ಸು ಎಲ್ಲ ಇದೆ, ಹಾರ್ನ್ ಒಂದಿಲ್ಲ. ಕಾರು ನಿಲ್ಲಿಸಲು ಜಾಗ ಸಿಗದೆ ಒಂದೇ ಬೀದಿಯನ್ನು ನಾಲ್ಕು ಸಲ ಸುತ್ತಿದೆವು. ನಾಲ್ಕನೇ ಸುತ್ತಿಗೆ ಸೀರೆ ಅಂಗಡಿಯವನು ನಮಗೆ ಕೈಬೀಸಿದ.

ಹೋಟೆಲಿನಲ್ಲಿ ಅವಳ ಪರಿಚಯದ ಮೈಸೂರಿನ ಹೆಂಗಸೊಬ್ಬರು ಸಿಕ್ಕರು. ವೀಣಾ ಸಂಭ್ರಮದಿಂದ ಪರಿಚಯಿಸಿದಳು.

"ಆಂಟಿ, ನಮ್ಮಕ್ಕ ಗಿರಿಜಾ. ನಿನ್ನೆ ಬಂದ್ಲು. ಇವಳೂ ಫೋಟೋ ತೆಗೀತಾಳೆ."

"ಹೌದಾ! ವೀಣಾನ ನೋಡಿ ಕಲಿತ್ರಾ?" ಎಂದರು ಅವರು, ಬಹಳ ಪ್ರೀತಿಯಿಂದ.

ನಾನು ವಡೆಯನ್ನು ಸಾಂಬಾರಿನೊಳಗೆ ಒತ್ತಿ ಹಿಡಿದೆ. ವೀಣಾ ನಕ್ಕು, "ಅಯ್ಯೋ, ಇಲ್ಲ ಆಂಟಿ, ಅವಳು ಪ್ರೊಫೆಷನಲ್ಲು" ಎಂದಳು. ಆದರೆ ಆ ‘ಇವಳೂ’ದ ಕೊನೆಯ ದೀರ್ಘ ನನ್ನ ಕಿವಿಯಲ್ಲಿ ಇನ್ನೂ ಎಳೆಯುತ್ತಿತ್ತು.

ಕಾರಿಗೆ ಬಂದ ಮೇಲೆ ಹಿಂದಿನ ಸೀಟಿನಿಂದ ಒಂದು ಚೀಲ ತೆಗೆದು ನನ್ನ ತೊಡೆಯ ಮೇಲಿಟ್ಟಳು. "ಇದು ನನ್ನ ಹಳೇ ಕ್ಯಾಮೆರಾ ಅಕ್ಕ. ಹೊಸದು ತಗೊಂಡೆ. ನೀನಿಟ್ಕೋ."

ಅವಳ ಹಳೆಯದು ನಾನು ಅಂಗಡಿಯ ಗಾಜಿನಾಚೆ ನಿಂತು ನೋಡಿ ಬಿಟ್ಟಿದ್ದ ಮಾದರಿ. ಸ್ಟುಡಿಯೋದಲ್ಲಿ ನನ್ನ ಅತ್ಯುತ್ತಮ ಕ್ಯಾಮೆರಾ ಅದರ ಮುಂದೆ ಆಟದ ಸಾಮಾನು. "ನಂಗೆ ನಂದೇ ರೂಢಿ" ಎಂದು ಚೀಲವನ್ನು ಹಿಂದಕ್ಕಿಟ್ಟೆ. ಕೊಡುವ ಕೈ ಅಷ್ಟು ಸಹಜವಾಗಿದ್ದರೆ ತೆಗೆದುಕೊಳ್ಳುವವರಿಗೆ ಎಷ್ಟು ಕಷ್ಟ ಎಂದು ಕೊಡುವವರಿಗೆ ತಿಳಿಯುವುದಿಲ್ಲ.

ಕೋಲ್ ಸಿಟಿಯ ಆಚೆ

ಶಿಕಾಗೋದಿಂದ ನೈಋತ್ಯಕ್ಕೆ ಅರವತ್ತು ಮೈಲಿ ಹೋದರೆ ಕೋಲ್ ಸಿಟಿ ಎಂಬ ಚಿಕ್ಕ ಊರು. ಗಣಿ ಸೀಮೆ ಎಂದರೆ ಬೆಟ್ಟಗುಡ್ಡ ಇರುತ್ತದೆ ಎಂದುಕೊಂಡಿದ್ದೆ. ನೆಲ ಲಟ್ಟಣಿಗೆ ಎಳೆದ ಹಾಗೆ ಚಪ್ಪಟೆ. ಎರಡೂ ಕಡೆ ಆಳೆತ್ತರದ ಮೆಕ್ಕೆಜೋಳ.

"ಹರಿಹರದ ದಾರಿ ಇದ್ದಂಗೇ ಐತಲ್ಲೇ" ಎಂದೆ.

ವೀಣಾ ಜೋರಾಗಿ ನಕ್ಕಳು. ಆ ನಗುವಿನಲ್ಲಿ ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ ತಪ್ಪಿತು. ಮುಂದಿನ ಎಕ್ಸಿಟ್ ಏಳು ಮೈಲಿ ಆಚೆ. "ಇಲ್ಲೇ ಸೈಡಿಗೆ ಹಾಕಿ ಹಂಗೇ ರಿವರ್ಸ್ ಬರಾಕ್ ಆಗಲ್ವಾ?" ಎಂದು ನಾನು ಕೇಳಿದ್ದನ್ನು ಅವಳು ಈಗಲೂ ಎಲ್ಲರಿಗೂ ಹೇಳುತ್ತಾಳಂತೆ.

ಹೊಲಗಳ ನಡುವೆ ಅಲ್ಲಲ್ಲಿ ಮರ ಬೆಳೆದ ದಿಬ್ಬಗಳು. ಅವು ಗಣಿಯಿಂದ ತೆಗೆದು ಸುರಿದ ಕಸದ ರಾಶಿಗಳು ಎಂದು ವೀಣಾ ಹೇಳಿದಳು. ತೋಡಿದ ಹೊಂಡಗಳಲ್ಲಿ ನೀರು ನಿಂತು ಕೆರೆಯಾಗಿದೆ. ಜನ ಕುರ್ಚಿ ಹಾಕಿಕೊಂಡು ಮೀನು ಹಿಡಿಯುತ್ತಿದ್ದರು.

ಊರಾಚೆ ಒಂದು ಹಳೆಯ ಮನೆ. ಅದರ ಹಿತ್ತಲಿನಲ್ಲಿ, ಮಾವಿನ ತೋಪಿನಲ್ಲಿ ಗುಡಿ ಇರುವಷ್ಟು ನಿರಾಳವಾಗಿ, ಒಂದು ಇಟ್ಟಿಗೆಯ ಕಟ್ಟಡ. ಗಣಿಯ ಆಳದಿಂದ ಜನರನ್ನೂ ಕಲ್ಲಿದ್ದಲನ್ನೂ ಮೇಲೆಳೆಯುವ ಯಂತ್ರ ಅದರೊಳಗಿತ್ತಂತೆ. ಅರ್ಧ ಸೂರು ಕುಸಿದಿದೆ. ದೊಡ್ಡ ಚಕ್ರವೊಂದು ಗೋಡೆಗೊರಗಿ ತುಕ್ಕು ಹಿಡಿದು ನಿಂತಿದೆ. ಆ ಜಾಗದ ಒಡತಿ ರೂತ್, ಎಂಬತ್ತೆರಡು ವರ್ಷದ, ಒಬ್ಬರೇ ಇರುವ ಹೆಂಗಸು. ಅವರ ತಾತ ಆ ಗಣಿಯಲ್ಲಿ ಇಳಿದು ಹತ್ತಿದವರು. ವೀಣಾ ಮೊದಲೇ ಕಾಗದ ಬರೆದು ಒಪ್ಪಿಗೆ ಪಡೆದಿದ್ದಳು.

ರೂತ್ ಮೊದಲು ಮಾಡಿದ ಕೆಲಸ, ಸೂರು ನಮ್ಮ ತಲೆಯ ಮೇಲೆ ಬಿದ್ದರೆ ತಾವು ಹೊಣೆಯಲ್ಲ ಎಂಬ ಹಾಳೆಗೆ ಸಹಿ ಹಾಕಿಸಿಕೊಂಡದ್ದು. ಎರಡನೆಯದು, ನನ್ನ ಚೂಡಿದಾರದ ಕಾಲುಗಳನ್ನು ಕಾಲುಚೀಲದೊಳಕ್ಕೆ ಸಿಕ್ಕಿಸಿದ್ದು. ಹುಲ್ಲಿನಲ್ಲಿ ಉಣ್ಣಿ ಇರುತ್ತವಂತೆ. ನಮ್ಮೂರಲ್ಲಿ ಉಣ್ಣಿ ದನಕ್ಕೆ ಹತ್ತುತ್ತದೆ ಎಂದು ನನ್ನ ಗಿರಾಕಿ ಮಟ್ಟದ ಇಂಗ್ಲಿಷಿನಲ್ಲಿ ಹೇಳಿದೆ. "ಇಲ್ಲಿ ಫೋಟೋಗ್ರಾಫರುಗಳಿಗೂ ಹತ್ತುತ್ತದೆ" ಎಂದರು ರೂತ್, ಮುಖದಲ್ಲಿ ನಗೆಯಿಲ್ಲದೆ.

ಒಳಗೆ ಒಂದು ಗೋಡೆಗೆ ಉದ್ದನೆಯ ಹಲಗೆ. ಅದರ ತುಂಬ ಸಾಲಾಗಿ ಮೊಳೆಗಳು, ಒಂದೊಂದರ ಕೆಳಗೆ ಒಂದೊಂದು ನಂಬರು. ಪ್ರತಿ ಕೆಲಸಗಾರನಿಗೂ ಒಂದು ಹಿತ್ತಾಳೆ ಬಿಲ್ಲೆ. ಇಳಿಯುವಾಗ ಒಯ್ಯಬೇಕು, ಹತ್ತಿದ ಮೇಲೆ ತನ್ನ ಮೊಳೆಗೆ ತಗುಲಿಸಬೇಕು. ಸಂಜೆ ಯಾರ ಮೊಳೆ ಬರಿದಾಗಿದೆಯೋ ಅವನು ಇನ್ನೂ ಕೆಳಗಿದ್ದಾನೆ ಎಂದು ಅರ್ಥ. ತಾತನ ಮೊಳೆ ಯಾವುದೆಂದು ರೂತ್‌ಗೆ ಗೊತ್ತು. ಯಾವ ನಂಬರು ಯಾರದೆಂದು ಹೆಸರುಗಳ ಪಟ್ಟಿಯನ್ನೂ ಬರೆದಿಟ್ಟಿದ್ದಾರೆ.

ಅಲ್ಲಿ ನನಗೆ ರೂತ್ ಮೇಲೂ ಹೊಟ್ಟೆ ಉರಿಯಿತು. ನಮ್ಮಪ್ಪ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ನೂಲು ತೆಗೆಯುವ ಖಾತೆಯಲ್ಲಿ ಕೆಲಸಕ್ಕಿದ್ದವರು. ಗಿರಣಿ ಮುಚ್ಚಿತು, ಗೋಡೆ ಬಿತ್ತು, ಅಲ್ಲೀಗ ಸೈಟುಗಳಾಗಿ ಮನೆಗಳೆದ್ದಿವೆ. ನಮ್ಮ ಮನೆಯಿಂದ ಅಲ್ಲಿಗೆ ಹತ್ತು ನಿಮಿಷದ ನಡಿಗೆ, ಕ್ಯಾಮೆರಾ ದಿನವೂ ನನ್ನ ಕೊರಳಲ್ಲೇ ಇತ್ತು. ಗಿರಣಿಯದು ಒಂದೇ ಒಂದು ಫೋಟೋ ನಾನು ತೆಗೆಯಲಿಲ್ಲ. ದುಡ್ಡು ಕೊಟ್ಟು ತೆಗೆಸುವವರಿಲ್ಲದ ಫೋಟೋ ತೆಗೆಯಬಹುದು ಎಂದೇ ನನಗೆ ಹೊಳೆದಿರಲಿಲ್ಲ.

ವೀಣಾ ಚಕ್ರದ ಸುತ್ತ ಮಂಡಿಯೂರಿ, ಮಲಗಿ, ಎದ್ದು ಫೋಟೋ ತೆಗೆಯುತ್ತಿದ್ದಳು. ಗೋಡೆ ಅವಳದು ಇರಲಿ, ಮುಖ ನನ್ನದು ಎಂದು ನಾನು ರೂತ್ ಅವರನ್ನು ಬಾಗಿಲ ಬೆಳಕಿಗೆ ಕೂರಿಸಿದೆ. ಗದ್ದ ಸ್ವಲ್ಪ ಮೇಲೆ, ಭುಜ ಸ್ವಲ್ಪ ಓರೆ, ಕೈ ಮಡಿಲಲ್ಲಿ. ಮೂವತ್ತಾರು ವರ್ಷದ ಅಭ್ಯಾಸ. ರೂತ್ ಮಗುವಿನ ಹಾಗೆ ಹೇಳಿದಂತೆ ಕೇಳಿದರು. ಹತ್ತು ತೆಗೆದೆ. ಚೆನ್ನಾಗಿ ಬಂದವು.

"ಆಯ್ತು ಮೇಡಂ, ಥ್ಯಾಂಕ್ಸ್" ಎಂದೆ. ಅವರು ಎದ್ದು ಹೋಗುವಾಗ ಹಲಗೆಯ ಹತ್ತಿರ ನಿಂತು, ಸ್ವೆಟರಿನ ಅಂಚಿನಿಂದ ತಾತನ ಮೊಳೆಯ ಮೇಲಿನ ಜೇಡರ ಬಲೆಯನ್ನು ಒರೆಸಿದರು. ಕುಸಿದ ಸೂರಿನಿಂದ ಬಿಸಿಲು ನೇರ ಅವರ ಕತ್ತಿನ ಮೇಲೆ ಬಿದ್ದಿತ್ತು. ನಾನು ಲೆನ್ಸಿನ ಮುಚ್ಚಳ ಹಾಕುತ್ತಿದ್ದೆ. ಹಿಂದೆ ಒಂದೇ ಒಂದು ಕ್ಲಿಕ್ ಕೇಳಿಸಿತು.

ನಾರ್ತ್‌ವಿಲ್

ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ನನ್ನ ಕತ್ತಿನ ಹಿಂದೆ ಒಂದು ಉಣ್ಣಿ ಸಿಕ್ಕಿತು. ನಾನು ಕಿರುಚಿದ್ದಕ್ಕೆ ಕಾಫಿ ಹಿಡಿದು ನಿಂತಿದ್ದ ಲಾರಿ ಚಾಲಕನೊಬ್ಬ ಓಡಿಬಂದ. ವೀಣಾ ನನ್ನ ತಲೆಯನ್ನು ಡ್ಯಾಶ್‌ಬೋರ್ಡಿಗೆ ಒರಗಿಸಿ, ಚಿಮಟದಿಂದ ಉಸಿರು ಬಿಗಿಹಿಡಿದು ಅದನ್ನು ಕಿತ್ತಳು. "ನೋವಾಯ್ತಾ ಅಕ್ಕ?" ಎಂದು ಮೂರು ಸಲ ಕೇಳಿದಳು. ಆಗಲೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಆ ಒಂದು ಕ್ಲಿಕ್ಕೇ.

ನಾರ್ತ್‌ವಿಲ್‌ನ ಅವಳ ಮನೆಯಿರುವ ಬಡಾವಣೆಯಲ್ಲಿ ಎಲ್ಲ ಮನೆಗಳೂ ಒಂದೇ ತಾಯಿಯ ಮಕ್ಕಳ ಹಾಗಿವೆ. ನಾನು ವಾಕಿಂಗ್ ಹೋಗಿ ಬೇರೆಯವರ ಗ್ಯಾರೇಜಿಗೆ ನುಗ್ಗಿದ್ದೆ. ಆ ಮನೆಯ ಗುಜರಾತಿ ಆಂಟಿ ನನ್ನನ್ನು ಕೂರಿಸಿ ಚಹಾ ಕೊಟ್ಟು, ತಾವೇ ಕೈಹಿಡಿದು ಮನೆ ಮುಟ್ಟಿಸಿದರು.

ಭಾನುವಾರ ಬೆಳಿಗ್ಗೆ ವೀಣಾ ತನ್ನ ದೊಡ್ಡ ಪರದೆಯ ಮುಂದೆ ನನ್ನನ್ನು ಕೂರಿಸಿದಳು. ಡೆಟ್ರಾಯಿಟ್‌ನಲ್ಲಿ ಒಂದು ಪ್ರದರ್ಶನ, ಒಬ್ಬರಿಗೆ ಒಂದೇ ಫೋಟೋ, ಮಧ್ಯಾಹ್ನದೊಳಗೆ ಕಳಿಸಬೇಕು. ಆರಿಸಿ ಆರಿಸಿ ಎರಡಕ್ಕೆ ಬಂದು ನಿಂತಿದ್ದಳು. ಒಂದು, ಗೋಡೆಗೊರಗಿದ ಚಕ್ರ. ಇನ್ನೊಂದು, ಮೊಳೆ ಒರೆಸುತ್ತಿರುವ ರೂತ್.

ನಾನು ರೂತ್ ಫೋಟೋ ನೋಡಿದೆ. ಮುಖ ಪೂರ್ತಿ ಕಾಣುವುದಿಲ್ಲ. ಕತ್ತಿನ ನರ, ಬಾಗಿದ ಬೆನ್ನು, ನೂರಾರು ಬರಿ ಮೊಳೆಗಳು, ನಡುವೆ ಒರೆಸುವ ಕೈ. ಕೈ ಚಲಿಸುತ್ತಿದ್ದುದರಿಂದ ಸ್ವಲ್ಪ ಮಸುಕಾಗಿತ್ತು. ಆ ಮಸುಕಿನಲ್ಲೇ ಫೋಟೋದ ಜೀವವಿತ್ತು. ನಾನು ಅಷ್ಟು ವರ್ಷದಲ್ಲಿ ಅಂಥದ್ದೊಂದನ್ನು ತೆಗೆದಿಲ್ಲ. ಇನ್ನು ತೆಗೆಯುವುದೂ ಅನುಮಾನ.

"ನಿನ್ನ ಕಣ್ಣು ಪಳಗಿದ್ದು. ನೀನು ಹೇಳಿದ್ದೇ ಫೈನಲ್ಲು" ಎಂದಳು ವೀಣಾ.

"ಚಕ್ರ ಕಳಿಸು" ಎಂದೆ.

"ಹೌದಾ? ನಂಗ್ಯಾಕೋ ಇದೇ..."

"ಇದು ಶೇಕ್ ಆಗೈತೆ ನೋಡು. ಕೈ ಶಾರ್ಪ್ ಇಲ್ಲ. ತಿಳಿದೋರು ನೋಡಿದ್ರೆ ಮೊದ್ಲು ಅದನ್ನೇ ಹಿಡೀತಾರೆ."

ಧ್ವನಿ ಒಂಚೂರೂ ನಡುಗಲಿಲ್ಲ. ಗಿರಾಕಿಗೆ ‘ನಿಮ್ಮ ಮುಖ ಬಹಳ ಚೆನ್ನಾಗಿ ಬಂದಿದೆ’ ಎಂದು ಹೇಳಿ ಹೇಳಿ ಆ ಧ್ವನಿ ಪಳಗಿತ್ತು. ವೀಣಾ ಒಂದು ಕ್ಷಣ ರೂತ್ ಫೋಟೋವನ್ನೇ ನೋಡುತ್ತಿದ್ದು, "ಸರಿ ಬಿಡು" ಎಂದು ಮುಚ್ಚಿದಳು. ಚಕ್ರ ಹೋಯಿತು. ಆಮೇಲೆ ಅವಳು ನನಗೆಂದು ಅವರೆಕಾಳಿನ ಉಪ್ಪಿಟ್ಟು ಮಾಡಿದಳು. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ.

ಡೆಟ್ರಾಯಿಟ್

ಪ್ರದರ್ಶನದ ದಿನ ಬೆಳಿಗ್ಗೆಯೇ ಹೊರಟು, ಹಳೆಯ ಕಾರು ಕಾರ್ಖಾನೆಗಳ ಕಡೆ ಸುತ್ತಿದೆವು. ಎಷ್ಟೋ ಕಟ್ಟಡಗಳನ್ನು ಕೆಡವಿದ್ದಾರೆ, ಕೆಲವನ್ನು ದುರಸ್ತಿ ಮಾಡುತ್ತಿದ್ದಾರೆ, ಉಳಿದವಕ್ಕೆ ಬೇಲಿ. ಒಂದು ಬೇಲಿಯ ಪಕ್ಕ, ಒಡೆದ ಕಿಟಕಿಗಳ ನಾಲ್ಕಂತಸ್ತಿನ ಗೋಡೆಗೆ ಬೆನ್ನು ಕೊಟ್ಟು ಬಿಳಿ ಗೌನಿನ ಮದುಮಗಳೊಬ್ಬಳು ಗಂಡನಿಗೆ ಒರಗಿ ನಿಂತಿದ್ದಳು. ಮದುವೆ ಫೋಟೋ! ದಾವಣಗೆರೆಯಲ್ಲಿ ನಾನೊಬ್ಬ ಮದುಮಗಳನ್ನು ಪಾಳು ಗಿರಣಿ ಮುಂದೆ ನಿಲ್ಲಿಸಿದ್ದರೆ ಅವಳ ತಾಯಿ ನನ್ನನ್ನು ಊರು ಬಿಡಿಸುತ್ತಿದ್ದರು. ಅಲ್ಲಿನ ಫೋಟೋಗ್ರಾಫರ್ ಹುಡುಗಿ ಮಾತ್ರ ಯಾರ ಅಪ್ಪಣೆಗೂ ಕಾಯದೆ ಅವರನ್ನು ಕಲ್ಲುರಾಶಿ ಹತ್ತಿಸುತ್ತಿದ್ದಳು. ಅವಳ ಮೇಲೂ ಹೊಟ್ಟೆ ಉರಿಯಿತು. ಆ ಹೊತ್ತಿಗೆ ನನಗೆ ಅದಕ್ಕೆ ಹೊಸ ಕಾರಣ ಬೇಕಾಗಿರಲಿಲ್ಲ.

ಪಕ್ಕದ ಖಾಲಿ ಜಾಗದಲ್ಲಿ ವಯಸ್ಸಾದ ಕಪ್ಪು ಮನುಷ್ಯರೊಬ್ಬರು ಹುಲ್ಲು ಕತ್ತರಿಸುತ್ತಿದ್ದರು. ಜಾಗ ಅವರದಲ್ಲವಂತೆ, ಅದರ ಪಕ್ಕದ ಮನೆ ಮಾತ್ರ ಅವರದು. ವೀಣಾ ಕ್ಯಾಮೆರಾ ಎತ್ತಿದಾಗ ಯಂತ್ರ ನಿಲ್ಲಿಸಿ, "ಎಲ್ಲರೂ ಒಡೆದ ಕಡೆಗೇ ತಿರುಗಿಸುತ್ತೀರಿ. ಈ ಹುಲ್ಲಿನದೂ ಒಂದು ತೆಗೆಯಿರಿ, ಮೂವತ್ತು ವರ್ಷದಿಂದ ಕತ್ತರಿಸುತ್ತಿದ್ದೇನೆ" ಎಂದರು. ವೀಣಾ ತೆಗೆದಳು. ಅವರು ಅದನ್ನು ಪರದೆಯಲ್ಲಿ ನೋಡಿ, ಒಪ್ಪಿಗೆಯಾದ ಮೇಲೆಯೇ ಯಂತ್ರ ಮತ್ತೆ ಶುರು ಮಾಡಿದರು.

ಮಧ್ಯಾಹ್ನದ ಪ್ರದರ್ಶನ ಒಂದು ಹಳೆಯ ಗೋದಾಮಿನೊಳಗೆ. ವೀಣಾ ಇಳಕಲ್ ಸೀರೆ ಉಟ್ಟಿದ್ದಳು. ಒಳಗೆ ಹೋಗಿ ನೋಡಿದರೆ, ಅವಳ ಚಕ್ರದ ಎಡಕ್ಕೆ ಒಂದು ಚಕ್ರ, ಬಲಕ್ಕೆ ಎರಡು. ಗೋಡೆ ತುಂಬ ತುಕ್ಕು, ಇಟ್ಟಿಗೆ, ಒಡೆದ ಗಾಜು. ಎಲ್ಲರೂ ಅದನ್ನೇ ತೆಗೆದಿದ್ದರು. ಜನ ಬಂದರು, ನಡೆದರು, ಹೋದರು. ಒಬ್ಬಾಕೆ ವೀಣಾಳ ಮುಂದೆ ನಿಂತಾಗ ವೀಣಾ ಸೆರಗು ಸರಿಮಾಡಿಕೊಂಡಳು. ಆಕೆ ರೆಸ್ಟ್‌ರೂಂ ಎಲ್ಲಿ ಎಂದು ಕೇಳಿದಳು.

ಕನ್ನಡದ ಗೆಳತಿಯರು ಇಬ್ಬರು ಬಂದು "ಸೂಪರ್ ವೀಣಾ" ಎಂದು ಸೆಲ್ಫಿ ತೆಗೆದುಕೊಂಡು ಹೋದರು. ಎರಡು ತಾಸು ಅವಳು ತನ್ನ ಫೋಟೋದ ಪಕ್ಕ ನಿಂತೇ ಇದ್ದಳು. ನನಗೆ ಖುಷಿಯಾಗಬೇಕಿತ್ತು. ಮನಸ್ಸಿನ ಮೂಲೆಯೆಲ್ಲ ತಡಕಿದೆ. ಖುಷಿ ಸಿಗಲಿಲ್ಲ. ನನಗೆ ನೆನಪಾದದ್ದು ಹೆಗಲಿಗೆ ಚೀಲ ಹಾಕಿಕೊಂಡು ಶಾಲೆಯ ಗೇಟಿನಲ್ಲಿ ನನಗಾಗಿ ಕಾಯುತ್ತಿದ್ದ ಎರಡು ಜಡೆಯ ವೀಣಾ.

ಕೊನೆಗೆ ಏರ್ಪಾಡು ಮಾಡಿದ್ದ ಹಿರಿಯರು ಬಂದು ಅವಳ ಕೈಕುಲುಕಿ, "ಕೆಲಸ ಅಚ್ಚುಕಟ್ಟಾಗಿದೆ. ಆದರೆ ಇಲ್ಲಿ ಮನುಷ್ಯರೇ ಇಲ್ಲವಲ್ಲ. ಮುಂದಿನ ಸಲ ಮನುಷ್ಯರನ್ನು ತೋರಿಸಿ" ಎಂದರು.

ಪಾರ್ಕಿಂಗ್‌ನಲ್ಲಿ ವೀಣಾ ಅಂದಳು: "ನೋಡು ಅಕ್ಕ. ನನ್ ಹತ್ರ ಒಂದೇ ಒಂದು ಮನುಷ್ಯರ ಫೋಟೋ ಇತ್ತು. ಅದೂ ಶೇಕ್ ಆಗೋಯ್ತು."

"ಆಗಿರ್ಲಿಲ್ಲ" ಎಂದೆ.

"ಏನು?"

"ಅದು ಶೇಕ್ ಆಗಿರ್ಲಿಲ್ಲ ಕಣೇ. ಚೆನ್ನಾಗಿತ್ತು. ಭಾಳ ಚೆನ್ನಾಗಿತ್ತು, ಅದಕ್ಕೇ ಬ್ಯಾಡ ಅಂದೆ. ನಂಗೆ ತಡಕಳ್ಳಾಕ್ ಆಗಲಿಲ್ಲ."

ಅವಳು ಕಾರಿನ ಬಾಗಿಲು ಹಿಡಿದುಕೊಂಡೇ ನಿಂತಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಮನೆ ಬರುವವರೆಗೆ ಒಂದು ಮಾತಿಲ್ಲ. ಮರುದಿನವೂ ಇಲ್ಲ. ಮೂರನೇ ದಿನ ಪಾತ್ರೆ ತೊಳೆಯುತ್ತ, ನನ್ನ ಕಡೆ ತಿರುಗದೆ ಹೇಳಿದಳು:

"ಚೆನ್ನಾಗಿಲ್ಲ ಅಂತ ನಿಂಗೆ ನಿಜವಾಗ್ಲೂ ಅನ್ಸಿ ಹೇಳಿದ್ರೆ ನಂಗೇನೂ ಬೇಜಾರಿರ್ಲಿಲ್ಲ. ಐದು ವರ್ಷ ಎಲ್ರಿಗಿಂತ ಮೊದ್ಲು ನಿಂಗೇ ಕಳಿಸ್ತಿದ್ದೆ. ನೀನು ಒಂದು ಸಲಾನಾದ್ರೂ ‘ಚೆನ್ನಾಗಿದೆ’ ಅಂತ ಟೈಪ್ ಮಾಡ್ತೀಯೇನೋ ಅಂತ. ಇಲ್ಲಿ ನೂರು ಜನ ಸೂಪರ್ ಅಂತಾರೆ. ಅವರಿಗೇನು ಗೊತ್ತು?"

ಒಣ ಬಟ್ಟೆ ತೆಗೆದುಕೊಂಡು ಅವಳು ತೊಳೆದಿಟ್ಟದ್ದನ್ನು ಒರೆಸುತ್ತ ನಿಂತೆ. ಸ್ವಲ್ಪ ಹೊತ್ತಿನ ಮೇಲೆ, "ಆ ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕೋಣ. ನಾನು ಏರ್‌ಪೋರ್ಟಿಗೆ ಹೋಗ್ತಾ ರೂತ್ ಅವ್ರಿಗೆ ಕೊಟ್ಟು ಹೋಗ್ತೀನಿ" ಎಂದೆ.

"ಹಾಕಿದ್ರೆ ನಿಂದೂ ಹಾಕ್ಬೇಕು" ಎಂದಳು, ಇನ್ನೂ ಬಿಗಿಯಾಗಿಯೇ.

ಮತ್ತೆ ಕೋಲ್ ಸಿಟಿ

ರೂತ್ ಈ ಸಲ ನಮ್ಮಿಂದ ಸಹಿ ಕೇಳಲಿಲ್ಲ, ಅಡುಗೆಮನೆಯಲ್ಲೇ ಕೂರಿಸಿದರು. ನಾನು ಎರಡೂ ಪ್ರಿಂಟುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ಯಾವುದು ಯಾರದೆಂದು ಹೇಳಲಿಲ್ಲ. ಅವರು ಕನ್ನಡಕ ಏರಿಸಿ ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು, ನನ್ನದನ್ನು ಎತ್ತಿಕೊಂಡರು. ಗದ್ದ ಮೇಲೆ, ಭುಜ ಓರೆ, ಕೈ ಮಡಿಲಲ್ಲಿ.

"ಇದು. ನಾನು ಸತ್ತಾಗ ಪೇಪರಿನಲ್ಲಿ ಹಾಕುವುದಕ್ಕೆ ಒಳ್ಳೆಯ ಫೋಟೋ ಇಲ್ಲವೆಂದು ಮಗಳು ಗೊಣಗುತ್ತಿದ್ದಳು."

ನನ್ನ ಎದೆಯೊಳಗೆ ಏನೋ ಜಿಗಿಯಿತು. ಅಂಥ ಹೊತ್ತಿನಲ್ಲೂ ಜಿಗಿಯಿತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಆದರೆ ಆ ಮನೆಯಲ್ಲಿ ಎರಡು ಫೋಟೋಗಳ ನಡುವಿನ ವ್ಯತ್ಯಾಸ ಗೊತ್ತಿದ್ದವಳು ನಾನೇ. ಇನ್ನೊಂದು ಸಲ ಸುಮ್ಮನಿರಲು ಆಗಲಿಲ್ಲ.

"ಮೇಡಂ, ಅದಕ್ಕಿಂತ ಇದು ಚೆನ್ನಾಗಿದೆ" ಎಂದು ವೀಣಾಳದನ್ನು ಅವರ ಮುಂದಕ್ಕೆ ಸರಿಸಿದೆ. "ಇದನ್ನು ತೆಗೆದವಳು ಇವಳು. ಬೆಳಕು ನೋಡಿ, ಕೈ ನೋಡಿ. ನಾನು ತೆಗೆದದ್ದು ಬರೀ ಫೋಟೋ."

ರೂತ್ ಮತ್ತೆ ನೋಡಿದರು, ನನ್ನ ಮಾತಿಗೆ ಬೆಲೆ ಕೊಡಲೆಂದೇ ನಿಧಾನವಾಗಿ ನೋಡಿದರು. ಆಮೇಲೆ ಬೇಡವೆಂದು ತಲೆಯಾಡಿಸಿದರು.

"ಇದರಲ್ಲಿ ನಾನು ನನ್ನ ತಾಯಿಯ ಹಾಗೆ ಕಾಣುತ್ತೇನೆ. ಅವಳು ಬದುಕಿಡೀ ಏನಾದರೊಂದನ್ನು ಒರೆಸುತ್ತಲೇ ಇದ್ದಳು. ನನಗೂ ಅವಳಿಗೂ ಆಗುತ್ತಿರಲಿಲ್ಲ." ಅವರು ಅದನ್ನು ಜೋಪಾನವಾಗಿ ಲಕೋಟೆಯೊಳಗಿಟ್ಟು ವೀಣಾಳ ಕೈಗೆ ಕೊಟ್ಟರು. ನನ್ನದನ್ನು ಫ್ರಿಜ್ಜಿನ ಬಾಗಿಲಿಗೆ, ಮೊಮ್ಮಕ್ಕಳ ಫೋಟೋಗಳ ನಡುವೆ ಸಿಕ್ಕಿಸಿದರು.

ಕಾರು ಜೋಳದ ಹೊಲಗಳನ್ನು ದಾಟಿ ಹೆದ್ದಾರಿ ಸೇರಿತು. ಲಕೋಟೆ ನನ್ನ ಮಡಿಲಲ್ಲಿತ್ತು.

"ಅಕ್ಕ, ಒಂದು ಹೇಳ್ತೀನಿ, ನಗ್ಬಾರ್ದು" ಎಂದಳು ವೀಣಾ, ರಸ್ತೆಯಿಂದ ಕಣ್ಣು ತೆಗೆಯದೆ.

"ಹೇಳು."

"ಅವ್ರು ನಿನ್ ಫೋಟೋ ಎತ್ಕೊಂಡಾಗಿಂದ ನಂಗೆ ಹೊಟ್ಟೆ ಉರೀತಾ ಇದೆ."

ನಾನು ನಗಲಿಲ್ಲ. "ಎಷ್ಟು?" ಎಂದು ಕೇಳಿದೆ.

"ತುಂಬಾ. ಇಲ್ಲಿ, ಪಕ್ಕೆ ಕೆಳಗೆ."

"ನಂಗೆ ಗಂಟಲಿಂದ ಶುರುವಾಗ್ತೈತೆ" ಎಂದೆ.

ವಿಮಾನ ನಿಲ್ದಾಣದ ಹತ್ತಿರ ಎಲ್ಕ್ ಗ್ರೋವ್‌ನ ಗೋದಾಮುಗಳು ಕಾಣುವವರೆಗೂ, ವಯಸ್ಸಾದ ಅಕ್ಕತಂಗಿಯರು ಮಂಡಿನೋವಿನ ಬಗ್ಗೆ ಮಾತಾಡುತ್ತಾರಲ್ಲ, ಹಾಗೆ ನಾವಿಬ್ಬರೂ ಅದರ ಬಗ್ಗೆಯೇ ಮಾತಾಡಿಕೊಂಡು ಹೋದೆವು: ಯಾವಾಗ ಜಾಸ್ತಿಯಾಗುತ್ತದೆ, ಎಷ್ಟು ದಿನ ಇರುತ್ತದೆ, ಏನು ಮಾಡಿದರೆ ಸ್ವಲ್ಪ ಕಡಿಮೆಯಾಗುತ್ತದೆ.